ತಾಪಮಾನ ಏರಿಕೆ ಅಳೆಯುವುದು ಹೇಗೆ: ಮೋಟಾರ್ ವೈಂಡಿಂಗಿನಿಂದ ಬಯಲ ಗಾಳಿಯವರೆಗೆ

ಓಡುತ್ತಿರುವ ಮೋಟಾರಿನ ಮೇಲೆ ಕೈ ಇಟ್ಟು 'ಜಾಸ್ತಿ ಬಿಸಿಯಾಗಿದೆ, ಏನೋ ಕೆಟ್ಟಿದೆ' ಅನ್ನುವವರನ್ನು ನೀವೂ ನೋಡಿರುತ್ತೀರಿ. ಲೋಹದ ಮೈ 60 ಡಿಗ್ರಿ ಆಯಿತೆಂದರೆ ನಮ್ಮ ಕೈ ತಾನಾಗಿ ಹಿಂದೆ ಸರಿಯುತ್ತದೆ. ಆದರೆ ಯಾವ ದೋಷವೂ ಇಲ್ಲದ ಎಷ್ಟೋ ಮೋಟಾರುಗಳ ಹೊರಮೈ ಅದಕ್ಕಿಂತ ಜಾಸ್ತಿ ಬಿಸಿಯಲ್ಲೇ ವರ್ಷಗಟ್ಟಲೆ ಓಡುತ್ತದೆ. 'ಈ ಸಲ ಸೆಕೆ ವಿಪರೀತ' ಅನ್ನುವ ಮಾತೂ ಹಾಗೇ. ಎರಡಕ್ಕೂ ಒಂದೇ ಮರುಪ್ರಶ್ನೆ: ಯಾವುದಕ್ಕಿಂತ?

ತಾಪಮಾನ ಏರಿಕೆ ಅನ್ನೋದು ಒಂದು ಕಳೆಯುವ ಲೆಕ್ಕ. ಬಿಸಿಯಾದ ವಸ್ತುವಿನ ತಾಪಮಾನದಿಂದ ಸುತ್ತಲಿನ ಗಾಳಿಯ ತಾಪಮಾನ ಕಳೆದರೆ ಉಳಿಯುವುದೇ ಏರಿಕೆ. ಹೆಚ್ಚಿನವರು ಬಿಸಿಯ ಕಡೆಯನ್ನು ಬಹಳ ಜೋಪಾನವಾಗಿ ಅಳೆಯುತ್ತಾರೆ, ತಣ್ಣನೆಯ ಕಡೆಯನ್ನು ಸುಮ್ನೆ ಗೋಡೆಯ ಮೇಲಿನ ಥರ್ಮಾಮೀಟರ್ ನೋಡಿ ಬರೆದುಕೊಳ್ಳುತ್ತಾರೆ. ನಾನು ಕಂಡ ತಪ್ಪು ಫಲಿತಾಂಶಗಳಲ್ಲಿ ಬಹುಪಾಲು ಈ ಎರಡನೇ ಸಂಖ್ಯೆಯಿಂದ ಬಂದವು. ಹಾಗಾಗಿ ಈ ಬರಹದಲ್ಲಿ ಆ ಕಡೆಗೆ ಸ್ವಲ್ಪ ಜಾಸ್ತಿ ಒತ್ತು ಕೊಟ್ಟಿದ್ದೇನೆ.

ಮೊದಲು: ತಾಪಮಾನ ಸಾಲದೆ ಏರಿಕೆ ಯಾಕೆ ಬೇಕು?

ಒಂದೇ ಮೋಟಾರನ್ನು 20 ಡಿಗ್ರಿಯ ಕೋಣೆಯಲ್ಲಿ ಓಡಿಸಿ, ಆಮೇಲೆ 40 ಡಿಗ್ರಿಯ ಕೋಣೆಯಲ್ಲಿ ಓಡಿಸಿ. ವೈಂಡಿಂಗಿನ (ಮೋಟಾರಿನೊಳಗೆ ಸುತ್ತಿದ ತಂತಿಯ) ತಾಪಮಾನ ಬೇರೆಬೇರೆ ಬರುತ್ತದೆ. ಆದರೆ ಲೋಡ್ ಒಂದೇ ಇದ್ದರೆ ಏರಿಕೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಯಾಕೆಂದರೆ ಒಳಗೆ ಹುಟ್ಟುವ ಶಾಖವೂ ಅದು ಹೊರಗೆ ಹೋಗುವ ದಾರಿಯೂ ಹೆಚ್ಚು ಬದಲಾಗಿರುವುದಿಲ್ಲ. ಹೀಗಾಗಿ ಏರಿಕೆ ಆ ಯಂತ್ರದ ಸ್ವಂತ ಗುಣ, ತಾಪಮಾನ ಯಂತ್ರ ಮತ್ತು ಊರಿನ ಹವೆ ಎರಡೂ ಸೇರಿದ ಮೊತ್ತ.

ಇದಕ್ಕೇ ಐಇಸಿ (ವಿದ್ಯುತ್ ಉಪಕರಣಗಳಿಗೆ ಅಂತರರಾಷ್ಟ್ರೀಯ ಮಾನಕ ರೂಪಿಸುವ ಸಂಸ್ಥೆ) ಮಾನಕದಲ್ಲಿ ಮೋಟಾರುಗಳಿಗೆ ಏರಿಕೆಯ ಮಿತಿ ಕೊಟ್ಟಿದ್ದಾರೆ. ಸುತ್ತಲಿನ ಗಾಳಿ 40 ಡಿಗ್ರಿ ಎಂದು ಹಿಡಿದು, ಬಿ ದರ್ಜೆಯ ಇನ್ಸುಲೇಷನ್ನಿಗೆ (ತಂತಿಯ ಮೇಲಿನ ವಿದ್ಯುತ್ ನಿರೋಧಕ ಹೊದಿಕೆಗೆ; ಎಷ್ಟು ಬಿಸಿ ತಾಳುತ್ತದೆ ಎಂಬುದರ ಮೇಲೆ ಅದರ ದರ್ಜೆ) ಸಾಮಾನ್ಯವಾಗಿ 80 ಡಿಗ್ರಿ ಏರಿಕೆ, ಎಫ್ ದರ್ಜೆಗೆ 105, ಎಚ್ ದರ್ಜೆಗೆ 125. ಬಿ ದರ್ಜೆಯ ಪೂರ್ತಿ ಮಿತಿ 130 ಡಿಗ್ರಿ. 40 ಮತ್ತು 80 ಕೂಡಿದರೆ 120 ಆಯಿತು, ಉಳಿದ 10 ಎಲ್ಲಿ ಹೋಯಿತು ಅಲ್ವಾ? ವೈಂಡಿಂಗ್ ಎಲ್ಲ ಕಡೆ ಒಂದೇ ಥರ ಬಿಸಿಯಾಗುವುದಿಲ್ಲ. ನಾವು ಅಳೆಯುವುದು ಸರಾಸರಿ, ಸುಟ್ಟುಹೋಗುವುದು ಅತಿ ಬಿಸಿ ಜಾಗ. ಆ 10 ಡಿಗ್ರಿ ಅದಕ್ಕಾಗಿ ಬಿಟ್ಟ ಅಂಚು.

ಮಿತಿ ದಾಟಿದರೆ ತಕ್ಷಣ ಹೊಗೆ ಬರುವುದಿಲ್ಲ, ಆಯಸ್ಸು ಕಡಿಮೆಯಾಗುತ್ತದೆ. 1930ರಲ್ಲಿ ಮಾಂಟ್‌ಸಿಂಗರ್ ಎಂಬ ಎಂಜಿನಿಯರ್ ಟ್ರಾನ್ಸ್‌ಫಾರ್ಮರ್ ಇನ್ಸುಲೇಷನ್ ಬಗ್ಗೆ ತೋರಿಸಿದ್ದು ಇದನ್ನೇ: 8 ಡಿಗ್ರಿ ಜಾಸ್ತಿಯಾದಂತೆಲ್ಲ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ವರ್ಕ್‌ಶಾಪುಗಳಲ್ಲಿ ಇದನ್ನೇ '10 ಡಿಗ್ರಿಗೆ ಅರ್ಧ' ಎಂದು ಬಾಯಿಲೆಕ್ಕವಾಗಿ ಬಳಸುತ್ತಾರೆ.

ಹಂತ 1: ಅಳತೆಯ ಸಾಧನ ಆರಿಸಿ, ನಂಬುವ ಮೊದಲು ಪರೀಕ್ಷಿಸಿ

ಕೆ ಟೈಪ್ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿಗಳ ತುದಿ ಬೆಸೆದ ಸೆನ್ಸರ್) ಅಗ್ಗ, ಗಟ್ಟಿ, ಸಣ್ಣ ಜಾಗದಲ್ಲೂ ಹೋಗುತ್ತದೆ. ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ. ನಿಖರತೆ ಬೇಕಿದ್ದರೆ ಪಿಟಿ-100, ಅಂದರೆ ಬಿಸಿಗೆ ರೆಸಿಸ್ಟೆನ್ಸ್ ಬದಲಾಗುವ ಪ್ಲಾಟಿನಂ ಸೆನ್ಸರ್. ಅದು 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್ ತೋರಿಸುತ್ತದೆ. ಗನ್ ಥರದ ಇನ್‌ಫ್ರಾರೆಡ್ ಥರ್ಮಾಮೀಟರ್ ದೂರದಿಂದ ನೋಡಲು ಅನುಕೂಲ, ಆದರೆ ಅದು ಮೋಸ ಮಾಡುವಷ್ಟು ಬೇರೆ ಯಾವುದೂ ಮಾಡುವುದಿಲ್ಲ. ಹೊಳೆಯುವ ತಾಮ್ರ, ಅಲ್ಯೂಮಿನಿಯಂ ತಮ್ಮ ಶಾಖವನ್ನು ಬಹಳ ಕಡಿಮೆ ಹೊರಸೂಸುತ್ತವೆ, ಕನ್ನಡಿಯಂತೆ ಎದುರಿನ ವಸ್ತುವಿನ ಶಾಖವನ್ನು ವಾಪಸ್ ಕಳಿಸುತ್ತವೆ. 90 ಡಿಗ್ರಿಯ ಬಸ್‌ಬಾರ್ (ಕರೆಂಟ್ ಸಾಗಿಸುವ ದಪ್ಪ ಲೋಹದ ಪಟ್ಟಿ) ಕಡೆ ಗನ್ ಹಿಡಿದರೆ 35 ತೋರಿಸಿದರೂ ಆಶ್ಚರ್ಯವಿಲ್ಲ. ಕರೆಂಟ್ ತೆಗೆದಿರುವಾಗ ಅಳೆಯುವ ಜಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಆಮೇಲೆ ಟೇಪಿನ ಮೇಲೆ ಗುರಿಯಿಡಿ. ಗನ್ನಿನಲ್ಲಿ ಎಮಿಸಿವಿಟಿ (ಮೈ ಎಷ್ಟರ ಮಟ್ಟಿಗೆ ಶಾಖ ಹೊರಸೂಸುತ್ತದೆ ಎಂಬ ಅಂಕ) 0.95 ಇಟ್ಟುಕೊಳ್ಳಿ. ಗನ್ ಮೇಲೆ 12:1 ಅಂತ ಬರೆದಿದ್ದರೆ, 12 ಸೆಂಟಿಮೀಟರ್ ದೂರದಿಂದ 1 ಸೆಂಟಿಮೀಟರ್ ಅಗಲದ ವೃತ್ತದ ಸರಾಸರಿ ತೋರಿಸುತ್ತದೆ ಎಂದರ್ಥ. 2 ಮೀಟರ್ ದೂರ ನಿಂತು ಸಣ್ಣ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಕೊಂಡಿ) ಅಳೆದರೆ ಲಗ್ಗಿನ ಜೊತೆ ಹಿಂದಿನ ಗೋಡೆಯೂ ಸೇರಿರುತ್ತದೆ. ಕೆಂಪು ಚುಕ್ಕೆ ಗುರಿಗಷ್ಟೇ, ಅಳತೆಗಲ್ಲ.

ಪರೀಕ್ಷೆ ಸುಲಭ. ಐಸ್ ಪುಡಿ ಮಾಡಿ ಸ್ವಲ್ಪ ನೀರು ಹಾಕಿ ಕದಡಿ, ಸೆನ್ಸರ್ ಅದ್ದಿ: 0 ಬರಬೇಕು. ಕುದಿಯುವ ನೀರಿನಲ್ಲಿ 100 ಬರಬೇಕು, ಆದರೆ ಅದು ಸಮುದ್ರ ಮಟ್ಟದಲ್ಲಿ. ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಯುವ ಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವಿದೆ. ಪರೀಕ್ಷೆಗೆ ಬಳಸುವ ಎಲ್ಲ ಸೆನ್ಸರುಗಳನ್ನು ಒಟ್ಟಿಗೆ ಕಟ್ಟಿ ಒಂದೇ ಪಾತ್ರೆಯ ನೀರಿನಲ್ಲಿ ಅರ್ಧ ಗಂಟೆ ಇಡಿ. ನಾವು ಮಾಡುವುದು ಕಳೆಯುವ ಲೆಕ್ಕ ತಾನೆ? ಎಲ್ಲವೂ ಒಂದೇ ಕಡೆ 1 ಡಿಗ್ರಿ ತಪ್ಪಿದ್ದರೆ ಆ ತಪ್ಪು ಕಳೆದುಹೋಗುತ್ತದೆ. ಒಂದು ಮೇಲೆ, ಇನ್ನೊಂದು ಕೆಳಗೆ ತಪ್ಪಿದ್ದರೆ ಏರಿಕೆಯಲ್ಲಿ 2 ಡಿಗ್ರಿ ಹೋಯಿತು.

ಹಂತ 2: ಸೆನ್ಸರ್ ಅಂಟಿಸುವುದು

ಕರೆಂಟ್ ಪೂರ್ತಿ ತೆಗೆದು, ಬೀಗ ಹಾಕಿ, ಟೆಸ್ಟರಿನಿಂದ ಖಚಿತ ಮಾಡಿಕೊಂಡ ಮೇಲೆಯೇ ಕೈ ಹಾಕಿ. ಕೆಪಾಸಿಟರ್ ಇದ್ದರೆ ಡಿಸ್‌ಚಾರ್ಜ್ ಆಗಲು ಸಮಯ ಕೊಡಿ. ಥರ್ಮೋಕಪಲ್ ಸಹ ಲೋಹದ ತಂತಿ. ಕರೆಂಟ್ ಹರಿಯುವ ಭಾಗಕ್ಕೆ ತಾಗಿಸಿದರೆ ಆ ವೋಲ್ಟೇಜ್ ನಿಮ್ಮ ಮೀಟರಿಗೂ ಮೀಟರಿನಿಂದ ನಿಮ್ಮ ಕೈಗೂ ಬರಬಹುದು. ಪ್ಯಾನಲ್ (ಸ್ವಿಚ್, ಬ್ರೇಕರ್ ಇರುವ ಪೆಟ್ಟಿಗೆ) ಒಳಗಿನ ಕೆಲಸ ಗೊತ್ತಿಲ್ಲದವರು ಹೊರಮೈಯಲ್ಲೇ ಅಳೆದು ಕಲಿಯಿರಿ, ಒಳಗಿನದನ್ನು ಅರ್ಹ ಎಲೆಕ್ಟ್ರಿಷಿಯನ್ ಮಾಡಲಿ.

ಅಂಟಿಸುವಾಗ ತುದಿ ಮೈಗೆ ಒತ್ತಿ ಕೂತಿರಬೇಕು, ನಡುವೆ ಗಾಳಿ ಇರಬಾರದು. ತುದಿಯ ನಂತರ ಸ್ವಲ್ಪ ಉದ್ದ ತಂತಿಯನ್ನೂ ಅದೇ ಬಿಸಿ ಮೈಗೆ ತಾಗಿಸಿ ಸಾಗಿಸಿ. ಇಲ್ಲದಿದ್ದರೆ ತಂತಿಯೇ ಶಾಖವನ್ನು ಹೊರಗೆ ಎಳೆದು ತುದಿಯನ್ನು ತಣ್ಣಗೆ ಮಾಡುತ್ತದೆ. ಒಮ್ಮೆ ನನ್ನ ಪರೀಕ್ಷೆಯಲ್ಲಿ ಮೂರು ಗಂಟೆ ಏರುತ್ತಿದ್ದ ತಾಪಮಾನ ಇದ್ದಕ್ಕಿದ್ದಂತೆ ನಿಂತು ಸ್ವಲ್ಪ ಇಳಿಯಿತು. 'ಸ್ಥಿರವಾಯಿತು' ಎಂದು ಖುಷಿಪಟ್ಟು ಬರೆದುಕೊಂಡೆ. ತೆಗೆದು ನೋಡಿದರೆ ಬಿಸಿಗೆ ಟೇಪಿನ ಅಂಟು ಸಡಿಲವಾಗಿ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಿತ್ತು. ಅಂದಿನಿಂದ ಮುಖ್ಯ ಜಾಗಕ್ಕೆ ಎರಡು ಸೆನ್ಸರ್ ಹಾಕುತ್ತೇನೆ.

ಹಂತ 3: ಸುತ್ತಲಿನ ಗಾಳಿ ಅಳೆಯುವುದು

ಯಂತ್ರದಿಂದ 1ರಿಂದ 2 ಮೀಟರ್ ದೂರದಲ್ಲಿ, ಅದರ ಅರ್ಧ ಎತ್ತರಕ್ಕೆ, ಬೇರೆಬೇರೆ ದಿಕ್ಕುಗಳಲ್ಲಿ ಕನಿಷ್ಠ ಮೂರು ಥರ್ಮಾಮೀಟರ್ ಇಡಿ. ಬಿಸಿಲು ಬೀಳಬಾರದು. ಫ್ಯಾನಿನ ಗಾಳಿ ಹೊಡೆಯಬಾರದು. ಯಂತ್ರ ಉಗುಳುವ ಬಿಸಿಗಾಳಿಯ ದಾರಿಯಲ್ಲಂತೂ ಇರಲೇಬಾರದು. ಕೆಲಸ ಕಲಿಯುತ್ತಿದ್ದಾಗ ಈ ಕೊನೆಯ ತಪ್ಪನ್ನು ನಾನೇ ಮಾಡಿದ್ದೆ. ಥರ್ಮಾಮೀಟರ್ ಬಿಸಿಗಾಳಿಯಲ್ಲಿದ್ದುದರಿಂದ ಕೋಣೆ 6 ಡಿಗ್ರಿ ಜಾಸ್ತಿ ಬಿಸಿ ಎಂದು ತೋರಿಸಿತು, ಏರಿಕೆ 6 ಡಿಗ್ರಿ ಕಡಿಮೆ ಬಂತು, ಮೋಟಾರ್ ಪಾಸಾಯಿತು. ಮರುದಿನ ಥರ್ಮಾಮೀಟರ್ ಸರಿಸಿ ಮತ್ತೆ ಓಡಿಸಿದರೆ ಅದೇ ಮೋಟಾರ್ ಫೇಲ್.

ಇನ್ನೊಂದು ತೊಂದರೆ: ಬಾಗಿಲು ತೆಗೆದರೆ ಕೋಣೆಯ ಗಾಳಿ ಎರಡೇ ನಿಮಿಷದಲ್ಲಿ ಬದಲಾಗುತ್ತದೆ, ದೊಡ್ಡ ಟ್ರಾನ್ಸ್‌ಫಾರ್ಮರ್ ಮಾತ್ರ ಗಂಟೆಗಟ್ಟಲೆ ಹಳೆಯ ಗಾಳಿಯನ್ನೇ ನೆನಪಿಟ್ಟುಕೊಂಡಿರುತ್ತದೆ. ಇದಕ್ಕೆ ಹಳೆಯ, ಜಾಣ ಉಪಾಯವಿದೆ. ಗಾಳಿಯ ಸೆನ್ಸರನ್ನು ಎಣ್ಣೆ ತುಂಬಿದ ಸಣ್ಣ ಡಬ್ಬದಲ್ಲಿ ಮುಳುಗಿಸಿಡುತ್ತಾರೆ. ಆಗ ಅದೂ ನಿಧಾನವಾಗಿ ಬದಲಾಗುತ್ತದೆ, ಯಂತ್ರದ ಜೊತೆ ಹೆಜ್ಜೆ ಹಾಕುತ್ತದೆ. ಕೊನೆಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಪರೀಕ್ಷೆಯ ಕೊನೆಯ ಕಾಲು ಭಾಗದ ಸರಾಸರಿ ಗಾಳಿ, ಬೆಳಗ್ಗೆ ಬರೆದ ಸಂಖ್ಯೆಯಲ್ಲ.

ಹಂತ 4: ಓಡಿಸಿ, ಕಾಯಿರಿ, ಬರೆಯಿರಿ

ಪ್ರತಿ 10 ಅಥವಾ 15 ನಿಮಿಷಕ್ಕೆ ಎಲ್ಲ ತಾಪಮಾನ, ವೋಲ್ಟೇಜ್, ಕರೆಂಟ್ ಬರೆಯಿರಿ. ವೋಲ್ಟೇಜ್ ಇಳಿದರೆ ಅದೇ ಲೋಡಿಗೆ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಆಗ ಏರಿಕೆ ಯಾಕೆ ಬದಲಾಯಿತು ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಬಿಸಿ ಏರುವ ರೀತಿ ಒಂದು ಗೆರೆಯನ್ನು ಅನುಸರಿಸುತ್ತದೆ: ಮೊದಲು ವೇಗ, ಆಮೇಲೆ ನಿಧಾನ. ಪೂರ್ತಿ ಏರಿಕೆಯ 63 ಶೇಕಡಾ ಮುಟ್ಟಲು ಹಿಡಿಯುವ ಸಮಯಕ್ಕೆ ಉಷ್ಣ ಕಾಲಾಂಕ ಎನ್ನೋಣ. ಅದರ ಮೂರು ಪಟ್ಟು ಸಮಯದಲ್ಲಿ 95 ಶೇಕಡಾ, ಐದು ಪಟ್ಟಿನಲ್ಲಿ 99 ಶೇಕಡಾ ಆಗಿರುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರಿನಲ್ಲಿ ವೈಂಡಿಂಗಿನ ಕಾಲಾಂಕ ಕೆಲವೇ ನಿಮಿಷ, ಎಣ್ಣೆಯದು ಎರಡೂವರೆಯಿಂದ ಮೂರೂವರೆ ಗಂಟೆ. ಹಾಗಾಗಿ ಒಂದು ಗಂಟೆ ಓಡಿಸಿ 'ಇಷ್ಟೇ ಬಿಸಿಯಾಗೋದು' ಎಂದರೆ ಅದು ಸುಳ್ಳು. ಒಂದು ಗಂಟೆಯಲ್ಲಿ ಏರಿಕೆಯ ಬದಲಾವಣೆ 1 ಡಿಗ್ರಿಗಿಂತ ಕಡಿಮೆಯಾಗುವವರೆಗೆ ಕಾಯುವುದು ಒಳ್ಳೆಯದು.

ಅಷ್ಟು ಕಾಯಲು ಆಗದಿದ್ದರೆ ಒಂದು ಲೆಕ್ಕವಿದೆ. ಸಮನಾದ ಸಮಯದ ಅಂತರದಲ್ಲಿ ಮೂರು ಏರಿಕೆ ತೆಗೆದುಕೊಳ್ಳಿ. ನಡುವಿನದರ ವರ್ಗದಿಂದ ಮೊದಲನೆಯದು ಮತ್ತು ಮೂರನೆಯದರ ಗುಣಲಬ್ಧ ಕಳೆಯಿರಿ. ಬಂದದ್ದನ್ನು, ನಡುವಿನದರ ಎರಡರಷ್ಟರಿಂದ ಉಳಿದೆರಡರ ಮೊತ್ತ ಕಳೆದು ಬರುವ ಸಂಖ್ಯೆಯಿಂದ ಭಾಗಿಸಿ. ಉದಾಹರಣೆಗೆ 1, 2, 3 ಗಂಟೆಗಳಲ್ಲಿ 30, 45, 52.5 ಡಿಗ್ರಿ ಏರಿದೆ ಎನ್ನಿ. 2025ರಲ್ಲಿ 1575 ಕಳೆದರೆ 450. 90ರಲ್ಲಿ 82.5 ಕಳೆದರೆ 7.5. ಭಾಗಿಸಿದರೆ 60. ಅಂದರೆ ಕೊನೆಗೆ 60 ಡಿಗ್ರಿ ಏರಿಕೆಗೆ ನಿಲ್ಲುತ್ತದೆ. ಆದರೆ ಅಳತೆಯಲ್ಲಿ ಅರ್ಧ ಡಿಗ್ರಿ ಅಲುಗಾಡಿದರೂ ಈ ಲೆಕ್ಕ ಹಲವು ಡಿಗ್ರಿ ಆಚೀಚೆ ಹೋಗುತ್ತದೆ. ಅಂದಾಜಿಗೆ ಸಾಕು, ತೀರ್ಪಿಗೆ ಸಾಲದು.

ಹಂತ 5: ವೈಂಡಿಂಗನ್ನೇ ಥರ್ಮಾಮೀಟರ್ ಮಾಡಿಕೊಳ್ಳುವುದು

ವೈಂಡಿಂಗ್ ಒಳಗೆ ಸೆನ್ಸರ್ ತೂರಿಸಲು ಆಗುವುದಿಲ್ಲ. ಆದರೆ ತಾಮ್ರ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಏರುತ್ತದೆ. ತಣ್ಣಗಿದ್ದಾಗ ಒಮ್ಮೆ, ಓಡಿ ನಿಲ್ಲಿಸಿದ ಕೂಡಲೇ ಇನ್ನೊಮ್ಮೆ ಅಳೆದರೆ ಸರಾಸರಿ ತಾಪಮಾನ ಸಿಗುತ್ತದೆ. ಸೂತ್ರ ಇಷ್ಟೇ:

ಬಿಸಿ ತಾಪಮಾನ = (ಬಿಸಿ ರೆಸಿಸ್ಟೆನ್ಸ್ ÷ ತಣ್ಣನೆಯ ರೆಸಿಸ್ಟೆನ್ಸ್) × (235 + ತಣ್ಣಗಿದ್ದಾಗಿನ ತಾಪಮಾನ) − 235

ಅಲ್ಯೂಮಿನಿಯಂ ವೈಂಡಿಂಗ್ ಆದರೆ 235ರ ಬದಲು 225.

ಬೆಳಗ್ಗೆ 28 ಡಿಗ್ರಿಯಲ್ಲಿ 2.00 ಓಮ್ ಇತ್ತು, ನಿಲ್ಲಿಸಿದಾಗ 2.50 ಓಮ್ ಎನ್ನೋಣ. 1.25ನ್ನು 263ರಿಂದ ಗುಣಿಸಿದರೆ 328.75. 235 ಕಳೆದರೆ 93.75 ಡಿಗ್ರಿ. ಆ ಹೊತ್ತಿಗೆ ಕೋಣೆಯ ಗಾಳಿ 31 ಆಗಿತ್ತು. ಏರಿಕೆ ಸುಮಾರು 63. ಬಿ ದರ್ಜೆಯ 80ರೊಳಗೆ ಆರಾಮವಾಗಿದೆ. ಇಲ್ಲಿ 31ರ ಬದಲು ಬೆಳಗಿನ 28 ಕಳೆದವರು 66 ಎಂದು ಬರೆಯುತ್ತಾರೆ. 28 ಬರುವುದು ಸೂತ್ರದ ಒಳಗೆ ಮಾತ್ರ, ಕೊನೆಯ ಕಳೆಯುವಿಕೆಯಲ್ಲಿ ಅಲ್ಲ.

ಎರಡು ಎಚ್ಚರಿಕೆ. ಒಂದು, ತಣ್ಣನೆಯ ಅಳತೆ ನಿಜವಾಗಿ ತಣ್ಣಗಿರಬೇಕು. ಹಿಂದಿನ ಸಂಜೆ ಓಡಿದ ದೊಡ್ಡ ಯಂತ್ರ ಬೆಳಗ್ಗೆಯೂ ಒಳಗೆ ಬೆಚ್ಚಗಿರಬಹುದು. ಎರಡು, ರೆಸಿಸ್ಟೆನ್ಸಿನಲ್ಲಿ 1 ಶೇಕಡಾ ತಪ್ಪಿದರೆ ತಾಪಮಾನದಲ್ಲಿ 3 ಡಿಗ್ರಿಗಿಂತ ಜಾಸ್ತಿ ತಪ್ಪಾಗುತ್ತದೆ. ಸಾಮಾನ್ಯ ಮಲ್ಟಿಮೀಟರಿನ ಎರಡು ಪ್ರೋಬ್ ತಂತಿಗಳ ರೆಸಿಸ್ಟೆನ್ಸೇ ಇಲ್ಲಿ ಆಟ ಕೆಡಿಸುತ್ತದೆ. ನಾಲ್ಕು ತಂತಿಯ ಅಳತೆ ಮಾಡುವ (ಕರೆಂಟ್ ಹರಿಸಲು ಎರಡು, ವೋಲ್ಟೇಜ್ ನೋಡಲು ಬೇರೆ ಎರಡು ತಂತಿ ಬಳಸುವ) ಮೀಟರ್ ಬೇಕು.

ನಿಲ್ಲಿಸಿದ ಕ್ಷಣದಿಂದಲೇ ವೈಂಡಿಂಗ್ ತಣ್ಣಗಾಗುತ್ತಾ ಹೋಗುತ್ತದೆ. ಚಿಕ್ಕ ಮೋಟಾರಿಗೆ ಮಾನಕ ಕೊಡುವ ಸಮಯ 30 ಸೆಕೆಂಡ್. ಅದು ದಾಟಿದರೆ ಅರ್ಧ ಅಥವಾ ಒಂದು ನಿಮಿಷಕ್ಕೊಮ್ಮೆ ಹಲವು ಅಳತೆ ತೆಗೆದು, ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು, ಅದನ್ನು ಸ್ವಿಚ್ ತೆಗೆದ ಕ್ಷಣದವರೆಗೆ ಹಿಂದಕ್ಕೆ ಎಳೆಯಿರಿ. ಕ್ಲಿಪ್‌ಗಳನ್ನು ಮೊದಲೇ ಸಿದ್ಧ ಮಾಡಿಟ್ಟು ಒಂದೆರಡು ಸಲ ಕರೆಂಟ್ ಇಲ್ಲದಾಗಲೇ ಅಭ್ಯಾಸ ಮಾಡಿ. ರೋಟರ್ (ಮೋಟಾರಿನ ತಿರುಗುವ ಭಾಗ) ಪೂರ್ತಿ ನಿಲ್ಲುವ ಮೊದಲು ಕ್ಲಿಪ್ ಹಾಕಬೇಡಿ.

ಜಾಯಿಂಟುಗಳ ಕಥೆ

ಪ್ಯಾನಲುಗಳಲ್ಲಿ ತಂತಿಗಿಂತ ಮೊದಲು ಬಿಸಿಯಾಗುವುದು ಜಾಯಿಂಟ್. ಸಡಿಲವಾದ ಲಗ್ಗಿನಲ್ಲಿ 1 ಮಿಲಿ ಓಮ್ ರೆಸಿಸ್ಟೆನ್ಸ್ ಇದ್ದು 100 ಆಂಪಿಯರ್ ಹರಿದರೆ 10 ವ್ಯಾಟ್ ಶಾಖ. 200 ಆಂಪಿಯರ್ ಆದರೆ 40 ವ್ಯಾಟ್, ಹೆಬ್ಬೆರಳಿನಷ್ಟು ಜಾಗದಲ್ಲಿ. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಹಾಗಾಗಿ ಅರ್ಧ ಲೋಡಿನಲ್ಲಿ 15 ಡಿಗ್ರಿ ಏರಿಕೆ ಕಂಡರೆ 'ಪರವಾಗಿಲ್ಲ' ಎನ್ನಬೇಡಿ. ಪೂರ್ಣ ಲೋಡಿನಲ್ಲಿ ಅದು 60ರ ಹತ್ತಿರ ಹೋಗಬಹುದು. ಲೋಡ್ ಎಷ್ಟಿತ್ತು ಎಂದು ಬರೆಯದ ಥರ್ಮಲ್ ಕ್ಯಾಮೆರಾ ಚಿತ್ರ ಬರೀ ಬಣ್ಣದ ಚಿತ್ರ.

ಇಲ್ಲಿ ಗಾಳಿಗಿಂತ ಒಳ್ಳೆಯ ಹೋಲಿಕೆ ಪಕ್ಕದ ಫೇಸ್, ಅಂದರೆ ಕರೆಂಟ್ ತರುವ ಮೂರು ದಾರಿಗಳಲ್ಲಿ ಇನ್ನೊಂದು. ಮೂರೂ ಫೇಸ್‌ಗಳಲ್ಲಿ ಕರೆಂಟ್ ಸಮವಿದ್ದು, ಒಂದರ ಜಾಯಿಂಟ್ ಮಾತ್ರ 20 ಡಿಗ್ರಿ ಜಾಸ್ತಿ ಇದ್ದರೆ ಹವೆಯ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ. ಅಲ್ಲೇ ಸಡಿಲವಿದೆ, ಇಲ್ಲವೇ ತುಕ್ಕಿದೆ.

ಹಂತ 6: ಅದೇ ಲೆಕ್ಕವನ್ನು ಬಯಲಿಗೆ ಒಯ್ಯುವುದು

ಹೊರಗಿನ ಗಾಳಿ ಅಳೆಯುವುದು ಮೋಟಾರಿಗಿಂತ ಸುಲಭ ಅನಿಸಬಹುದು. ಅಲ್ಲ. ಥರ್ಮಾಮೀಟರ್ ಯಾವಾಗಲೂ ತನ್ನ ಸ್ವಂತ ತಾಪಮಾನವನ್ನೇ ತೋರಿಸುತ್ತದೆ. ಬಿಸಿಲಿಗೆ ಇಟ್ಟರೆ ಅದು ಬಿಸಿಲಿನಲ್ಲಿ ಕಾದ ಥರ್ಮಾಮೀಟರಿನ ತಾಪಮಾನವೇ ಹೊರತು ಗಾಳಿಯದಲ್ಲ. ಇದಕ್ಕಾಗಿಯೇ ಹವಾಮಾನ ಕೇಂದ್ರಗಳಲ್ಲಿ ಬಿಳಿ ಬಣ್ಣದ, ಎಲ್ಲ ಬದಿಗೂ ಓರೆ ಪಟ್ಟಿಗಳಿರುವ ಮರದ ಪೆಟ್ಟಿಗೆ ಕಾಣುತ್ತದೆ. 19ನೇ ಶತಮಾನದಲ್ಲಿ ಥಾಮಸ್ ಸ್ಟೀವನ್‌ಸನ್ ಎಂಬ ಸ್ಕಾಟಿಷ್ ಎಂಜಿನಿಯರ್ ರೂಪಿಸಿದ್ದು. ಗಾಳಿ ಒಳಗೆ ಹಾಯುತ್ತದೆ, ಬಿಸಿಲು ಹಾಯುವುದಿಲ್ಲ. ಸೆನ್ಸರ್ ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ, ಹುಲ್ಲಿನ ಬಯಲಿನಲ್ಲಿ, ಕಟ್ಟಡಗಳಿಂದ ದೂರ ಇರಬೇಕು. ಮನೆಯ ಪ್ರಯೋಗಕ್ಕೆ ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ನಡುವೆ ಅಂತರ ಬಿಟ್ಟು ಒಂದರ ಮೇಲೊಂದು ಜೋಡಿಸಿ, ಒಳಗೆ ಸೆನ್ಸರ್ ಇಟ್ಟರೂ ನಡೆಯುತ್ತದೆ.

ಈಗ ಒಂದು ದಿನ ಪೂರ್ತಿ, ಗಂಟೆಗೊಮ್ಮೆ ಮೂರು ಕಡೆ ಬರೆದುಕೊಳ್ಳಿ: ನೆರಳಿನ ಗಾಳಿ, ಡಾಂಬರು ಅಥವಾ ಸಿಮೆಂಟಿನ ಮೈ, ಹುಲ್ಲಿನ ಮೈ. ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ 12ರ ಸುಮಾರಿಗೆ, ಆದರೆ ಗಾಳಿ ಅತಿ ಬಿಸಿಯಾಗುವುದು ಎರಡು-ಮೂರು ಗಂಟೆ ತಡವಾಗಿ. ಟ್ರಾನ್ಸ್‌ಫಾರ್ಮರಿನ ಕಾಲಾಂಕ ನೆನಪಾಯಿತಾ? ನೆಲಕ್ಕೂ ಅದೇ ಗುಣ. ಮಣ್ಣಿನಲ್ಲಿ 5, 20, 50 ಸೆಂಟಿಮೀಟರ್ ಆಳಕ್ಕೆ ಸೆನ್ಸರ್ ಹೂತು ನೋಡಿ. ಆಳಕ್ಕೆ ಹೋದಂತೆ ಏರಿಳಿತ ಚಿಕ್ಕದಾಗುತ್ತದೆ, ತಡವಾಗುತ್ತದೆ. ಅರ್ಧ ಮೀಟರಿನ ಕೆಳಗೆ ಹಗಲು ರಾತ್ರಿಯ ವ್ಯತ್ಯಾಸ ಹೆಚ್ಚುಕಡಿಮೆ ಮಾಯ. ನೆಲದಡಿಯ ಕೇಬಲ್ ಹಾಕುವವರು ಮಣ್ಣಿನ ತಾಪಮಾನ ಕೇಳುವುದು ಇದಕ್ಕೇ. ಅದರ ಜೊತೆ ತೇವವನ್ನೂ ಕೇಳುತ್ತಾರೆ, ಒಣಮಣ್ಣು ಶಾಖವನ್ನು ಹೊರಗೆ ಬಿಡುವುದಿಲ್ಲ.

ನಗರ ಮತ್ತು ಹಳ್ಳಿಬಯಲಿನ ವ್ಯತ್ಯಾಸ ನೋಡಬೇಕಿದ್ದರೆ ರಾತ್ರಿ ಅಳೆಯಿರಿ. ಹಗಲು ಹೀರಿದ ಶಾಖವನ್ನು ಕಾಂಕ್ರೀಟ್ ರಾತ್ರಿಯಿಡೀ ಬಿಡುತ್ತಿರುತ್ತದೆ. ಲ್ಯೂಕ್ ಹೋವಾರ್ಡ್ ಎಂಬ ಇಂಗ್ಲಿಷ್ ಹವಾಮಾನ ವೀಕ್ಷಕ ಇದನ್ನು 19ನೇ ಶತಮಾನದ ಆರಂಭದಲ್ಲೇ ಲಂಡನ್ನಿನಲ್ಲಿ ಅಳೆದು ತೋರಿಸಿದ್ದ. ಎರಡೂ ಕಡೆ ಒಂದೇ ಥರದ ಸೆನ್ಸರ್, ಒಂದೇ ಥರದ ನೆರಳು, ಒಂದೇ ಸಮಯ ಇರಲಿ. ಎತ್ತರವೂ ಒಂದೇ ಇರಬೇಕು. ಯಾಕೆಂದರೆ ಪ್ರತಿ ಕಿಲೋಮೀಟರ್ ಮೇಲೇರಿದರೆ ಗಾಳಿ ಸರಾಸರಿ 6.5 ಡಿಗ್ರಿ ತಣ್ಣಗಾಗುತ್ತದೆ. 200 ಮೀಟರ್ ಎತ್ತರದ ವ್ಯತ್ಯಾಸವನ್ನು ಕಾಂಕ್ರೀಟಿನ ಲೆಕ್ಕಕ್ಕೆ ಹಾಕಬಾರದು.

ಹಂತ 7: ವರ್ಷಗಳ ಏರಿಕೆ

ಒಂದು ಜಾಗದ ಹವೆ ಬಿಸಿಯಾಗುತ್ತಿದೆಯೇ ಎಂದು ಕೇಳಿದರೆ ಮತ್ತೆ ಅದೇ ಪ್ರಶ್ನೆ: ಯಾವುದಕ್ಕಿಂತ? ಹವಾಮಾನ ಶಾಸ್ತ್ರದಲ್ಲಿ 30 ವರ್ಷಗಳ ಸರಾಸರಿಯನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ, ಈಗ ಬಳಕೆಯಲ್ಲಿರುವುದು 1991ರಿಂದ 2020. ಇಡೀ ಭೂಮಿಯ ಮಾತು ಬಂದಾಗ ಆಧಾರ 1850-1900. ಅದಕ್ಕೆ ಹೋಲಿಸಿದರೆ 2011-2020ರ ದಶಕ ಸುಮಾರು 1.1 ಡಿಗ್ರಿ ಬಿಸಿ, 2024 ಒಂದೇ ವರ್ಷ ಸುಮಾರು 1.55 ಡಿಗ್ರಿ. ಅದೇ 2024ನ್ನು 1991-2020ಕ್ಕೆ ಹೋಲಿಸಿದರೆ ಸಂಖ್ಯೆ ಚಿಕ್ಕದು ಬರುತ್ತದೆ. ಎರಡೂ ಸರಿ. ಆಧಾರ ಹೇಳದೆ ಸಂಖ್ಯೆ ಮಾತ್ರ ಹೇಳುವುದು ತಪ್ಪು.

ಮಾಡುವ ವಿಧಾನ ಹೀಗೆ. ನಿಮಗೆ ಸಿಗುವ ಹಳೆಯ ದಾಖಲೆಯಿಂದ ಪ್ರತಿ ತಿಂಗಳ ಸರಾಸರಿ ತೆಗೆಯಿರಿ. ಜನವರಿಯಿಂದ 30 ವರ್ಷದ ಜನವರಿ ಸರಾಸರಿ, ಮೇ ತಿಂಗಳಿಂದ ಮೇ ಸರಾಸರಿ ಕಳೆಯಿರಿ. ಆಗ ಋತುಗಳ ಏರಿಳಿತ ಕಳಚಿಹೋಗಿ ಬರೀ ವ್ಯತ್ಯಾಸ ಉಳಿಯುತ್ತದೆ. ಬೆಟ್ಟದ ಊರನ್ನೂ ಬಯಲಿನ ಊರನ್ನೂ ಒಟ್ಟಿಗೆ ಹೋಲಿಸಲು ಆಗುವುದು ಈ ವ್ಯತ್ಯಾಸಗಳಿಂದಲೇ. ಗ್ರಾಫಿನಲ್ಲಿ ಹತ್ತು ವರ್ಷಕ್ಕಿಂತ ಕಡಿಮೆ ನೋಡಿ ತೀರ್ಮಾನಕ್ಕೆ ಬರಬೇಡಿ.

ಇಲ್ಲೂ ಮೋಟಾರಿನ ಬಿಸಿಗಾಳಿಯ ಮೋಸ ಕಾದಿರುತ್ತದೆ. ಥರ್ಮಾಮೀಟರ್ ಇದ್ದಲ್ಲೇ ಇರುತ್ತದೆ, ಅದರ ಸುತ್ತ ರಸ್ತೆ, ಕಟ್ಟಡ, ಎಸಿ ಯಂತ್ರಗಳು ಬಂದು ಕೂರುತ್ತವೆ. ಇಲ್ಲವೇ ಕೇಂದ್ರವನ್ನೇ ಬೇರೆಡೆಗೆ ಸರಿಸುತ್ತಾರೆ, ಸಾಧನ ಬದಲಿಸುತ್ತಾರೆ. ಗ್ರಾಫಿನಲ್ಲಿ ಒಂದೇ ವರ್ಷದಲ್ಲಿ ಮೆಟ್ಟಿಲಿನಂತೆ ಜಿಗಿತ ಕಂಡು, ಹತ್ತಿರದ ಬೇರೆ ಕೇಂದ್ರಗಳಲ್ಲಿ ಅದು ಕಾಣದಿದ್ದರೆ ಹವೆಯನ್ನಲ್ಲ, ಮೊದಲು ಕೇಂದ್ರವನ್ನು ಅನುಮಾನಿಸಿ. ನೀವೇ ಸೆನ್ಸರ್ ಬದಲಿಸುವುದಾದರೆ ಹಳೆಯದನ್ನೂ ಹೊಸದನ್ನೂ ಸಾಧ್ಯವಾದರೆ ಒಂದು ವರ್ಷ ಅಕ್ಕಪಕ್ಕ ಓಡಿಸಿ.

ಕೊನೆಯ ಹಂತ: ಬಿಸಿಲಿನಲ್ಲಿ ನಿಂತ ಪ್ಯಾನಲ್

ಎರಡೂ ಅಭ್ಯಾಸ ಒಂದೇ ಕಡೆ ಸೇರುವುದು ಹೊರಗೆ ನಿಲ್ಲಿಸಿದ ಪೆಟ್ಟಿಗೆಯಲ್ಲಿ. ಅದಕ್ಕೆ ಒಳಗಿನಿಂದ ಕರೆಂಟಿನ ಶಾಖ, ಹೊರಗಿನಿಂದ ಬಿಸಿಲಿನ ಶಾಖ. ಎರಡನ್ನೂ ಬೇರ್ಪಡಿಸಲು ಮೂರು ಸಲ ಅಳೆಯಬೇಕು. ಮೊದಲು ಕರೆಂಟ್ ಇಲ್ಲದೆ, ಮೋಡವಿಲ್ಲದ ದಿನ, ಬೆಳಗ್ಗಿನಿಂದ ಸಂಜೆವರೆಗೆ ಪೆಟ್ಟಿಗೆಯ ಒಳಗಿನ ಗಾಳಿಯನ್ನೂ ಹೊರಗಿನ ನೆರಳಿನ ಗಾಳಿಯನ್ನೂ ಬರೆಯಿರಿ. ಆಮೇಲೆ ಒಂದು ರಾತ್ರಿ ಪೂರ್ಣ ಲೋಡಿನಲ್ಲಿ. ಕೊನೆಗೆ ಹಗಲು, ಪೂರ್ಣ ಲೋಡಿನಲ್ಲಿ. ಮೊದಲೆರಡರ ಏರಿಕೆ ಕೂಡಿದರೆ ಮೂರನೆಯದಕ್ಕೆ ಹತ್ತಿರ ಬರಬೇಕು. ಬರದಿದ್ದರೆ ಗಾಳಿಯ ವೇಗ ಬೇರೆ ಇತ್ತೇ, ಪೆಟ್ಟಿಗೆಯೊಳಗಿನ ಫ್ಯಾನ್ ನಡುವೆ ಶುರುವಾಯಿತೇ ಎಂದು ನೋಡಿ. ಮೊದಲ ಅಳತೆಯಲ್ಲೇ, ಅಂದರೆ ಸ್ವಿಚ್ ಹಾಕುವ ಮೊದಲೇ, 15 ಡಿಗ್ರಿ ಏರಿದ್ದರೆ ಒಳಗಿನ ಬ್ರೇಕರ್ ಬದಲಿಸಿ ಪ್ರಯೋಜನವಿಲ್ಲ. ಪೆಟ್ಟಿಗೆಗೆ ಬಿಳಿ ಬಣ್ಣ ಹೊಡೆಯಿರಿ, ಇಲ್ಲವೇ ಮೇಲೊಂದು ಚಪ್ಪರ ಕಟ್ಟಿ ಮತ್ತೆ ಅಳೆಯಿರಿ.